ಹೀಲಿಯಂ ಯಾಕೆ ಒಂಟಿ?

ಹೈಡ್ರೋಜನ್ ಬರೆಯುವಾಗ ಕೆಳಗೊಂದು ಪುಟ್ಟ 2 ಹಾಕುತ್ತೇವೆ. ನೈಟ್ರೋಜನ್, ಆಕ್ಸಿಜನ್, ಕ್ಲೋರಿನ್‌ಗೂ ಅಷ್ಟೇ. ಹೀಲಿಯಂ ಬಂದಾಗ ಮಾತ್ರ ಆ 2 ಇರಲ್ಲ. ಪಿಯುಸಿಯಿಂದ ಹೀಗೇ ಬರೆದುಕೊಂಡು ಬಂದಿದ್ದೇವೆ, ಮಾರ್ಕ್ಸೂ ಬಂದಿದೆ. ಆದರೆ ಸಂಘದ ಶನಿವಾರದ ಓದಿನಲ್ಲಿ ಮೊದಲ ವರ್ಷದ ಒಬ್ಬರು "ಯಾಕೆ?" ಅಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಉತ್ತರ: "ಅದು ನೋಬಲ್ ಗ್ಯಾಸ್, ಅದರ ಶೆಲ್ ತುಂಬಿದೆ, ಅದಕ್ಕೇ." ಸರಿ. ಶೆಲ್ ತುಂಬಿದರೆ ಏನಾಯ್ತು? ತುಂಬಿದ ಶೆಲ್‌ನ ಎರಡು ಪರಮಾಣು ಪಕ್ಕಪಕ್ಕ ಬಂದರೆ ಅಂಟಿಕೊಳ್ಳಬಾರದು ಅಂತ ಯಾರು ಹೇಳಿದ್ದು? ಇಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಈ ಲೇಖನ ಆ ಮೌನಕ್ಕೆ ಉತ್ತರ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಪರಮಾಣುವಿಗೆ ಆಸೆ ಇಲ್ಲ, ತೃಪ್ತಿ ಇಲ್ಲ. "ಹೀಲಿಯಂ ತನ್ನಲ್ಲೇ ಸಂತೃಪ್ತ, ಅದಕ್ಕೆ ಯಾರೂ ಬೇಡ" ಎನ್ನುವ ಮಾತು ಭಾಷಣಕ್ಕೆ ಚೆನ್ನಾಗಿರುತ್ತೆ, ಪರೀಕ್ಷೆಯಲ್ಲೂ ನಡೆದುಹೋಗುತ್ತೆ. ವಿವರಣೆ ಅಂತ ಒಪ್ಪಲು ಆಗಲ್ಲ. ಎರಡು ಪರಮಾಣು ಜೋಡಿಯಾದಾಗ ಒಟ್ಟು ಶಕ್ತಿ ಕಡಿಮೆಯಾದರೆ ಅಣು ಉಳಿಯುತ್ತೆ. ಹೆಚ್ಚಾದರೆ ಉಳಿಯಲ್ಲ. ಇದು ಲೆಕ್ಕದ ವಿಷಯ, ಮನಸ್ಸಿನ ವಿಷಯ ಅಲ್ಲ. ಹಾಗಾಗಿ ಲೆಕ್ಕವನ್ನೇ ಮಾಡಿಬಿಡೋಣ. ದೊಡ್ಡ ಗಣಿತ ಬೇಕಿಲ್ಲ. ಮಂಡಿಯಲ್ಲಿ ಶೇಂಗಾ ಲೆಕ್ಕ ಬರೆಯುವಷ್ಟು ಬಂದರೆ ಸಾಕು.

ಹೈಡ್ರೋಜನ್‌ನಿಂದ ಶುರು ಮಾಡೋಣ. ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಆ ಎಲೆಕ್ಟ್ರಾನ್ ಇರುವ ಜಾಗಕ್ಕೆ ಒನ್ ಎಸ್ ಆರ್ಬಿಟಲ್ ಅಂತ ಹೆಸರು. ಆರ್ಬಿಟಲ್ ಅಂದರೆ ಗ್ರಹದ ಕಕ್ಷೆಯಂಥ ದಾರಿ ಅಲ್ಲ, ಅದೊಂದು ಅಲೆ. ಅಲೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ವಾಣಿವಿಲಾಸ ಸಾಗರದ (ನಮ್ಮಲ್ಲಿ ಹಿರಿಯರು ಈಗಲೂ ಮಾರಿಕಣಿವೆ ಅಂತಲೇ ಹೇಳೋದು) ನಿಂತ ನೀರಿಗೆ ಎರಡು ಕಲ್ಲು ಹಾಕಿದರೆ ಎರಡು ಕಡೆಯಿಂದ ಅಲೆ ಹೊರಟು ನಡುವೆ ಸೇರುತ್ತವಲ್ಲ? ಉಬ್ಬಿನ ಮೇಲೆ ಉಬ್ಬು ಬಿದ್ದ ಕಡೆ ನೀರು ಇನ್ನೂ ಏರುತ್ತೆ. ಉಬ್ಬು ತಗ್ಗಿನ ಮೇಲೆ ಬಿದ್ದ ಕಡೆ ನೀರು ಸಮ ಆಗುತ್ತೆ. ಎರಡು ಹೈಡ್ರೋಜನ್ ಪರಮಾಣು ಹತ್ತಿರ ಬಂದಾಗಲೂ ಅವುಗಳ ಎರಡು ಅಲೆ ಎರಡು ರೀತಿಯಲ್ಲಿ ಸೇರಬಹುದು. ಒಂದರಲ್ಲಿ ಎರಡು ನ್ಯೂಕ್ಲಿಯಸ್‌ಗಳ ನಡುವೆ ಅಲೆ ಏರುತ್ತೆ, ಅಂದರೆ ಎಲೆಕ್ಟ್ರಾನ್ ಆ ನಡುವಿನ ಜಾಗದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಇದು ಬಾಂಡಿಂಗ್ ಆರ್ಬಿಟಲ್, ಇದರ ಶಕ್ತಿ ಕಡಿಮೆ. ಇನ್ನೊಂದರಲ್ಲಿ ನಟ್ಟ ನಡುವೆ ಅಲೆ ಸೊನ್ನೆ. ಎಲೆಕ್ಟ್ರಾನ್ ಹೊರಬದಿಗೆ ತಳ್ಳಿಸಿಕೊಳ್ಳುತ್ತೆ. ಇದು ಆಂಟಿಬಾಂಡಿಂಗ್, ಇದರ ಶಕ್ತಿ ಹೆಚ್ಚು.

ಎರಡು ಆರ್ಬಿಟಲ್ ಸೇರಿದರೆ ಎರಡೇ ಹುಟ್ಟುತ್ತವೆ, ಒಂದು ಕೆಳಗೆ, ಒಂದು ಮೇಲೆ. ಒಳ್ಳೆಯದು ಮಾತ್ರ ಬೇಕು, ಕೆಟ್ಟದ್ದು ಬೇಡ ಅನ್ನೋ ಹಾಗಿಲ್ಲ. ಮತ್ತು ಪೌಲಿಯ ನಿಯಮದ ಪ್ರಕಾರ ಒಂದು ಆರ್ಬಿಟಲ್‌ನಲ್ಲಿ ಎರಡೇ ಎಲೆಕ್ಟ್ರಾನ್, ಅದೂ ಎದುರುಬದುರು ಸ್ಪಿನ್‌ನವು. ಇಬ್ಬರ ಸೀಟಿನಲ್ಲಿ ಮೂರನೆಯವರನ್ನು "ಸ್ವಲ್ಪ ಸರ್ಕೊಳ್ಳಿ" ಅಂತ ಕೂರಿಸುವುದು ಹಿರಿಯೂರು–ಚಿತ್ರದುರ್ಗ ಬಸ್ಸಿನಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ.

ಈಗ ಮಂಡಿ ಲೆಕ್ಕ. ಬಹಳ ಪುಸ್ತಕಗಳು ಮೇಲಿನ ಮೆಟ್ಟಿಲು ಎಷ್ಟು ಏರುತ್ತೋ ಕೆಳಗಿನದು ಅಷ್ಟೇ ಇಳಿಯುತ್ತೆ ಅಂತ ಚಿತ್ರ ಬರೆದು ಬಿಡುತ್ತವೆ. ಅದು ಪೂರ್ತಿ ನಿಜ ಅಲ್ಲ, ಮತ್ತು ನಮ್ಮ ಪ್ರಶ್ನೆಯ ಜೀವ ಇರುವುದೇ ಆ ಸಣ್ಣ ವ್ಯತ್ಯಾಸದಲ್ಲಿ. ಎರಡು ಅಲೆಗಳು ಒಂದರ ಮೇಲೊಂದು ಎಷ್ಟು ಬೀಳುತ್ತವೆ ಎನ್ನುವುದಕ್ಕೆ ಓವರ್‌ಲ್ಯಾಪ್ ಅಂತ ಒಂದು ಸಂಖ್ಯೆ ಇದೆ. ಪೂರ್ತಿ ದೂರ ಇದ್ದರೆ 0, ಪೂರ್ತಿ ಒಂದೇ ಆದರೆ 1. ಸರಳ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲು ಇಳಿಯುವ ಮೊತ್ತವನ್ನು ಒಂದಕ್ಕೆ ಓವರ್‌ಲ್ಯಾಪ್ ಕೂಡಿಸಿ ಭಾಗಿಸಬೇಕು. ಮೇಲಿನದು ಏರುವ ಮೊತ್ತವನ್ನು ಒಂದರಿಂದ ಓವರ್‌ಲ್ಯಾಪ್ ಕಳೆದು ಭಾಗಿಸಬೇಕು. ಮೂಲ ಮೊತ್ತ 100 ರೂಪಾಯಿ, ಓವರ್‌ಲ್ಯಾಪ್ 0.2 ಅಂತ ಇಟ್ಟುಕೊಳ್ಳಿ. ಕೆಳಗೆ ಕೂತ ಪ್ರತಿ ಎಲೆಕ್ಟ್ರಾನ್‌ಗೆ 100 ಭಾಗಿಸು 1.2, ಅಂದರೆ ಸುಮಾರು 83 ರೂಪಾಯಿ ಲಾಭ. ಮೇಲೆ ಕೂತ ಪ್ರತಿ ಎಲೆಕ್ಟ್ರಾನ್‌ಗೆ 100 ಭಾಗಿಸು 0.8, ಅಂದರೆ 125 ರೂಪಾಯಿ ನಷ್ಟ. ಇಲ್ಲಿನ 0.2 ನಾವು ಉದಾಹರಣೆಗೆ ಆರಿಸಿಕೊಂಡದ್ದು. ನಿಮಗೆ ಬೇಕಾದ ಸಂಖ್ಯೆ ಹಾಕಿ ನೋಡಿ, ಓವರ್‌ಲ್ಯಾಪ್ ಸೊನ್ನೆಗಿಂತ ಹೆಚ್ಚಿದ್ದರೆ ಸಾಕು, ನಷ್ಟ ಯಾವತ್ತೂ ಲಾಭಕ್ಕಿಂತ ಒಂದು ಕೈ ಮೇಲೇ.

ಹೈಡ್ರೋಜನ್ ಜೋಡಿಯಲ್ಲಿ ಒಟ್ಟು ಎರಡು ಎಲೆಕ್ಟ್ರಾನ್. ಎರಡೂ ಕೆಳಗಿನ ಸೀಟಿನಲ್ಲಿ. ಲಾಭ 166. ಅಣು ಗಟ್ಟಿ. ನಿಜವಾದ ಅಳತೆಯಲ್ಲಿ ಈ ಬಂಧ ಒಡೆಯಲು ಒಂದು ಮೋಲ್‌ಗೆ ಸುಮಾರು 436 ಕಿಲೋಜೂಲ್ ಬೇಕು. ಒಂದು ಅಣುವಿಗೆ ಲೆಕ್ಕ ಹಾಕಿದರೆ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್. ನಮ್ಮ ಕ್ಲಾಸ್‌ರೂಮಿನ ಶಾಖದಲ್ಲಿ ಒಂದು ಅಣುವಿನ ಪಾಲಿಗೆ ಬರುವ ಶಕ್ತಿ ಸುಮಾರು 0.026 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಹಿರಿಯೂರಿನ ಏಪ್ರಿಲ್ ಬಿಸಿಲೂ ಹೈಡ್ರೋಜನ್ ಜೋಡಿಯನ್ನು ಬಿಡಿಸಲಾರದು.

ಹೀಲಿಯಂ ಜೋಡಿ ಮಾಡಿ ನೋಡಿ. ಒಂದೊಂದರಲ್ಲಿ ಎರಡೆರಡು, ಒಟ್ಟು ನಾಲ್ಕು ಎಲೆಕ್ಟ್ರಾನ್. ಕೆಳಗಿನ ಸೀಟು ಎರಡಕ್ಕೇ ತುಂಬಿತು. ಉಳಿದೆರಡು ಮೇಲೆ ಹತ್ತಲೇಬೇಕು. ಲಾಭ 166, ನಷ್ಟ 250. ಕೈಯಿಂದ 84 ಹೋಯ್ತು. ಇದೇ ಉತ್ತರ. ಹೀಲಿಯಂ ಪರಮಾಣುಗಳು ಹತ್ತಿರ ಬಂದರೆ "ಬೇಡ" ಅಂತ ಸುಮ್ಮನಿರುವುದಷ್ಟೇ ಅಲ್ಲ, ಒಂದನ್ನೊಂದು ದೂಡುತ್ತವೆ. ಬಾಂಡ್ ಆರ್ಡರ್ ಸೊನ್ನೆ ಅಂತ ಬರೆದು ಗೆರೆ ಎಳೆಯುವಾಗ ಈ 84 ರೂಪಾಯಿ ಕಾಣೆಯಾಗುತ್ತೆ. ಸೊನ್ನೆ ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅಂತ ತಿಳಿದುಬಿಡುತ್ತೇವೆ. ನಷ್ಟ ಇದೆ.

ಈ ಲೆಕ್ಕ ಸರಿಯಾ ಅಂತ ಪರೀಕ್ಷಿಸಲು ಒಂದು ಚಂದದ ದಾರಿ ಇದೆ. ಹೀಲಿಯಂ ಜೋಡಿಯಿಂದ ಒಂದು ಎಲೆಕ್ಟ್ರಾನ್ ಕಿತ್ತುಬಿಡಿ. ಈಗ ಮೂರು. ಕೆಳಗೆ ಎರಡು, ಮೇಲೆ ಒಂದು. 166ರಲ್ಲಿ 125 ಕಳೆದರೆ 41 ಉಳಿಯಿತು. ಅಂದರೆ ಧನ ಆವೇಶದ ಹೀಲಿಯಂ ಜೋಡಿ ಉಳಿಯಬೇಕು. ಉಳಿಯುತ್ತೆ! ಹೀಲಿಯಂ ತುಂಬಿದ ಡಿಸ್ಚಾರ್ಜ್ ಟ್ಯೂಬಿನಲ್ಲಿ ಈ ಅಯಾನು ನಿಜವಾಗಿಯೂ ಸಿಗುತ್ತೆ, ಅದರ ಬಂಧದ ಬಲ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್, ಹೈಡ್ರೋಜನ್ ಅಣುವಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ರೂಪಾಯಿ ಲೆಕ್ಕ ಇದನ್ನು ಅಷ್ಟು ಕರಾರುವಾಕ್ಕಾಗಿ ಹೇಳಲಾರದು, ಆದರೆ ಲಾಭವೋ ನಷ್ಟವೋ ಎನ್ನುವುದನ್ನು ಸರಿಯಾಗಿ ಹೇಳಿತು. "ತುಂಬಿದ ಶೆಲ್, ಸಂತೃಪ್ತ" ಎನ್ನುವ ವಿವರಣೆಗೆ ಈ ಅಯಾನಿನ ಬಗ್ಗೆ ಹೇಳಲು ಏನೂ ಇಲ್ಲ.

ಒಂದು ಒಳ್ಳೆ ಪ್ರಶ್ನೆ ಇಲ್ಲಿ ಬರಬೇಕು. ಮೇಲಿನ ಕೆಟ್ಟ ಸೀಟಿಗೆ ಹೋಗುವ ಬದಲು ಆ ಎಲೆಕ್ಟ್ರಾನ್‌ಗಳು ಇನ್ನೂ ಮೇಲಿನ ಬೇರೆ ಶೆಲ್‌ಗೆ, ಟು ಎಸ್‌ಗೆ, ಹೋಗಬಾರದೇ? ಹೋಗಬಹುದು, ಟಿಕೆಟ್ ದುಬಾರಿ. ಹೀಲಿಯಂನಲ್ಲಿ ಒಂದು ಎಲೆಕ್ಟ್ರಾನ್ ಅಲ್ಲಿಗೆ ಏರಬೇಕಾದರೆ ಸುಮಾರು 19.8 ಎಲೆಕ್ಟ್ರಾನ್ ವೋಲ್ಟ್ ತೆರಬೇಕು. ಬಂಧದಿಂದ ಸಿಗುವ ಲಾಭ ನಾಲ್ಕೈದು ವೋಲ್ಟ್ ಇರುವಾಗ ಇಪ್ಪತ್ತು ಸಾಲ ಯಾರು ಕೊಡುತ್ತಾರೆ? ಪೂರ್ತಿ ಕಿತ್ತು ಹಾಕಲು 24.6 ಬೇಕು. ಇಡೀ ಆವರ್ತ ಕೋಷ್ಟಕದಲ್ಲಿ ಮೊದಲ ಎಲೆಕ್ಟ್ರಾನ್ ಕೀಳಲು ಇಷ್ಟು ಕೇಳುವ ಧಾತು ಇನ್ನೊಂದಿಲ್ಲ. ಕಾರಣ ಕಷ್ಟದ್ದಲ್ಲ: ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್‌ಗಳೂ ಅದರ ಮಗ್ಗುಲಲ್ಲೇ, ನಡುವೆ ಅಡ್ಡ ನಿಲ್ಲುವ ಒಳಗಿನ ಶೆಲ್ ಇಲ್ಲವೇ ಇಲ್ಲ. ಹೀಗಾಗಿ ಹೀಲಿಯಂಗೆ ಎಲೆಕ್ಟ್ರಾನ್ ಕೊಡಲೂ ಆಗಲ್ಲ, ಹೊಸದು ಬಂದರೆ ಕೂರಿಸಲು ಜಾಗವೂ ಇಲ್ಲ, ಹಂಚಿಕೊಂಡರೆ ಮೇಲಿನ ಲೆಕ್ಕದಂತೆ ನಷ್ಟ. ಮೂರು ಬಾಗಿಲೂ ಮುಚ್ಚಿದವು.

ಇಷ್ಟು ನಾವು ಕಾಗದದ ಮೇಲೆ ಹೇಳಿದ್ದು. ಆದರೆ ಕ್ವಾಂಟಂ ಮೆಕ್ಯಾನಿಕ್ಸ್ ಹುಟ್ಟುವ ಮೊದಲೇ ಹೀಲಿಯಂ ಒಂಟಿ ಅಂತ ಗೊತ್ತಾಗಿತ್ತು. ಹೇಗೆ? ಈ ಕಥೆ ನಮಗೆ ತುಂಬಾ ಇಷ್ಟ, ಯಾಕೆಂದರೆ ಅದರ ಒಂದು ತುದಿ ಕರ್ನಾಟಕದಲ್ಲಿದೆ.

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ನೆರಳಿನ ಪಟ್ಟಿ ಪಶ್ಚಿಮ ಕರಾವಳಿಯಿಂದ ಹೊಕ್ಕು ಈಗಿನ ಉತ್ತರ ಕರ್ನಾಟಕವನ್ನು ದಾಟಿ ಆಂಧ್ರದ ಕಡೆ ಹೋಯಿತು. ಹಿರಿಯೂರು ಆ ಪಟ್ಟಿಯ ದಕ್ಷಿಣಕ್ಕೆ ಬೀಳುತ್ತೆ, ಇಲ್ಲಿ ಕಂಡದ್ದು ಪಾರ್ಶ್ವ ಗ್ರಹಣ. ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ಸ್ ಜಾನ್ಸೆನ್ ಸ್ಪೆಕ್ಟ್ರೋಸ್ಕೋಪ್ ಇಟ್ಟುಕೊಂಡು ಕಾದಿದ್ದರು. ಎಲ್ಲರೂ ಅವರ ಹೆಸರು ಹೇಳುತ್ತಾರೆ. ಅದೇ ದಿನ ನಮ್ಮ ಜಮಖಂಡಿಯಲ್ಲೂ ಒಬ್ಬರು ಕಾದಿದ್ದರು ಎಂಬುದನ್ನು ಹೇಳುವವರು ಕಡಿಮೆ. ಅವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಭಾರತದ ಸರ್ವೆಯಲ್ಲಿ ಕೆಲಸ. ಆಗಸ್ಟ್ ತಿಂಗಳು, ಮುಂಗಾರಿನ ಮೋಡ. ಸಿಕ್ಕ ಸಂದಿಯಲ್ಲೇ ಅವರು ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದರು. ಕಂಡದ್ದು ಕೆಂಪು, ಕಿತ್ತಳೆ, ನೀಲಿ ಗೆರೆಗಳು. ಜ್ವಾಲೆ ಉರಿಯುವ ಅನಿಲ ಎಂಬುದು ಅದರಿಂದ ಖಚಿತವಾಯಿತು. ಕಿತ್ತಳೆ ಗೆರೆಯನ್ನು ಅವರು ಸೋಡಿಯಂನ ಡಿ ಗೆರೆಯ ಜಾಗದ್ದೇ ಎಂದು ತಿಳಿದರು. ಉಪಕರಣದ ಸೂಕ್ಷ್ಮತೆಯಲ್ಲಿ ಅದು ತಪ್ಪೂ ಅಲ್ಲ: ಸೋಡಿಯಂ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರ್, ಈ ಗೆರೆ 587.5. ಎರಡು ನ್ಯಾನೋಮೀಟರ್‌ನಷ್ಟೂ ಅಂತರ ಇಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಗ್ರಹಣ ಇಲ್ಲದೆಯೇ ಆ ಗೆರೆ ನೋಡಿ, ಇದು ಸೋಡಿಯಂನದ್ದಲ್ಲ, ಭೂಮಿಯ ಮೇಲೆ ಗೊತ್ತಿರುವ ಯಾವುದರದ್ದೂ ಅಲ್ಲ ಎಂಬ ತೀರ್ಮಾನಕ್ಕೆ ಬಂದರು. ಸೂರ್ಯನ ಗ್ರೀಕ್ ಹೆಸರು ಹೀಲಿಯೋಸ್. ಅದರಿಂದ ಹೀಲಿಯಂ. ಸೋಡಿಯಂ, ಕ್ಯಾಲ್ಸಿಯಂ ಥರ "ಇಯಂ" ಬಾಲ ಇರುವುದು ಅದೊಂದು ಲೋಹ ಇರಬೇಕು ಅಂತ ಆಗ ಅಂದುಕೊಂಡಿದ್ದಕ್ಕೆ. ಹೆಸರಿನ ಬಾಲ ಹಾಗೇ ಉಳಿದುಹೋಗಿದೆ.

ಮುಂದೆ 27 ವರ್ಷ ಹೀಲಿಯಂ ಎಂದರೆ ಒಂದು ಗೆರೆ, ಅಷ್ಟೇ. 1895ರಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ ಕ್ಲೀವೈಟ್ ಎಂಬ ಯುರೇನಿಯಂ ಅದಿರಿಗೆ ಆಮ್ಲ ಹಾಕಿ ಬಂದ ಅನಿಲದಲ್ಲಿ ಅದೇ ಹಳದಿ ಗೆರೆ ಕಂಡರು. ಅನಿಲ ಕೈಗೆ ಸಿಕ್ಕಿತು. ತೂಗಿದರು. ಹೈಡ್ರೋಜನ್‌ನ ಸುಮಾರು ಎರಡು ಪಟ್ಟು ಸಾಂದ್ರತೆ. ಹೈಡ್ರೋಜನ್ ಅಣುವಿನ ತೂಕ 2, ಅವೊಗಾಡ್ರೋ ಪ್ರಕಾರ ಸಮ ಗಾತ್ರದಲ್ಲಿ ಸಮ ಸಂಖ್ಯೆಯ ಅಣು, ಹಾಗಾದರೆ ಹೀಲಿಯಂನ ಒಂದು ಕಣದ ತೂಕ 4.

ಇಲ್ಲೇ ಗಂಟು ಬೀಳುವುದು. ಆ ಕಣದಲ್ಲಿ ಎಷ್ಟು ಪರಮಾಣು ಇವೆ? ಒಂದೇ ಇದ್ದರೆ ಹೀಲಿಯಂನ ಪರಮಾಣು ತೂಕ 4. ಎರಡಿದ್ದರೆ 2. ತೂಗುವ ತಕ್ಕಡಿ ಇದನ್ನು ಹೇಳಲ್ಲ. ರಾಸಾಯನಿಕ ಕ್ರಿಯೆ ಮಾಡಿಸಿ ಕಂಡುಕೊಳ್ಳೋಣ ಅಂದರೆ ಈ ಅನಿಲ ಯಾವುದರ ಜೊತೆಗೂ ಸೇರಲ್ಲ. ಒಂದು ಧಾತು ಆವರ್ತ ಕೋಷ್ಟಕದಲ್ಲಿ ಎಲ್ಲಿ ಕೂರಬೇಕು ಎಂಬುದು ಇದರ ಮೇಲೆ ನಿಂತಿತ್ತು. ಅದಕ್ಕೆ ಸ್ವಲ್ಪ ಮೊದಲು ರೇಲಿ ಮತ್ತು ರಾಮ್ಸೆ ಆರ್ಗಾನ್ ತಂದಾಗಲೂ ಇದೇ ಜಗಳ. ಕೋಷ್ಟಕದ ಜನಕ ಮೆಂಡಲೀವ್ ಅವರೇ ಅದು ಮೂರು ನೈಟ್ರೋಜನ್ ಸೇರಿದ ಅಣು ಇರಬಹುದೇ ಅಂತ ಶಂಕೆಪಟ್ಟಿದ್ದರು.

ಜಗಳ ಬಗೆಹರಿಸಿದ್ದು ಶಬ್ದ. ಹೌದು, ಸದ್ದು. ಮೆಕ್ಯಾನಿಕಲ್ ಮಿತ್ರರು ಇಲ್ಲಿ ಕಿವಿ ನೆಟ್ಟಗೆ ಮಾಡಿಕೊಳ್ಳಿ, ನಿಮ್ಮ ಥರ್ಮೊಡೈನಮಿಕ್ಸ್‌ನ ಗಾಮಾ ಬರುತ್ತಿದೆ. ಅನಿಲಕ್ಕೆ ಶಾಖ ಕೊಟ್ಟರೆ ಅದು ಎಲ್ಲೆಲ್ಲಿ ಹಂಚಿಹೋಗುತ್ತೆ? ಒಂಟಿ ಪರಮಾಣು ಆದರೆ ಮೂರು ದಿಕ್ಕಿನಲ್ಲಿ ಓಡುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಮೂರು ಪಾಲು. ಎರಡು ಪರಮಾಣುವಿನ ಡಂಬೆಲ್ ಥರದ ಅಣು ಆದರೆ ಓಡುವುದರ ಜೊತೆಗೆ ಎರಡು ರೀತಿ ತಿರುಗಲೂಬಹುದು. ಐದು ಪಾಲು. ಒತ್ತಡ ಸ್ಥಿರ ಇದ್ದಾಗಿನ ಮತ್ತು ಗಾತ್ರ ಸ್ಥಿರ ಇದ್ದಾಗಿನ ಶಾಖಧಾರಣೆಗಳ ಅನುಪಾತವೇ ಗಾಮಾ. ಮೂರು ಪಾಲಿನವಕ್ಕೆ ಐದು ಭಾಗಿಸು ಮೂರು, ಅಂದರೆ 1.67. ಐದು ಪಾಲಿನವಕ್ಕೆ ಏಳು ಭಾಗಿಸು ಐದು, 1.4. ಗಾಳಿಗೆ 1.4 ಅಂತ ಪ್ರತಿ ಸಮಸ್ಯೆಯಲ್ಲೂ ಕಣ್ಣು ಮುಚ್ಚಿ ಹಾಕುತ್ತೇವಲ್ಲ, ಅದು ನೈಟ್ರೋಜನ್ ಮತ್ತು ಆಕ್ಸಿಜನ್ ಜೋಡಿ ಜೋಡಿಯಾಗಿರುವುದರಿಂದಲೇ. ಗಾಮಾವನ್ನು ನೇರವಾಗಿ ಅಳೆಯುವುದು ತ್ರಾಸು, ಆದರೆ ಅನಿಲದಲ್ಲಿ ಶಬ್ದದ ವೇಗದೊಳಗೆ ಗಾಮಾ ಅಡಗಿ ಕೂತಿದೆ: ಗಾಮಾ, ಅನಿಲ ಸ್ಥಿರಾಂಕ, ಉಷ್ಣತೆ ಇವನ್ನು ಗುಣಿಸಿ, ಮೋಲಾರ್ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದರೆ ವೇಗ.

ತೂಕ 4 ಅಂತ ತಕ್ಕಡಿ ಹೇಳಿಯಾಗಿದೆ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇಟ್ಟು ನಾವು ಲೆಕ್ಕ ಹಾಕಿದೆವು. ಗಾಮಾ 1.4 ಆದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 923 ಮೀಟರ್. 1.67 ಆದರೆ ಸುಮಾರು 1007. ಗಾಜಿನ ಕೊಳವೆಯಲ್ಲಿ ಹಗುರ ಪುಡಿ ಉದುರಿಸಿ ಒಂದು ತುದಿಯಲ್ಲಿ 1000 ಹರ್ಟ್ಸ್ ಸ್ವರ ಹೊರಡಿಸಿದರೆ ಪುಡಿ ಗುಪ್ಪೆ ಗುಪ್ಪೆಯಾಗಿ ಕೂರುತ್ತೆ. ಗುಪ್ಪೆಯಿಂದ ಗುಪ್ಪೆಗೆ ಅರ್ಧ ತರಂಗಾಂತರ. ಜೋಡಿ ಆಗಿದ್ದರೆ ಸುಮಾರು 46 ಸೆಂಟಿಮೀಟರ್, ಒಂಟಿ ಆಗಿದ್ದರೆ 50. ಸ್ಕೇಲ್ ಇಟ್ಟು ಅಳೆಯಬಹುದಾದ ವ್ಯತ್ಯಾಸ! ಇದು ಕುಂಟ್ ಕೊಳವೆ. ಕುಂಟ್ ಮತ್ತು ವಾರ್‌ಬರ್ಗ್ 1876ರಲ್ಲೇ ಪಾದರಸದ ಆವಿಯಲ್ಲಿ ಇದೇ ಉಪಾಯದಿಂದ 1.67 ಕಂಡು, ಆ ಆವಿ ಒಂಟಿ ಪರಮಾಣುಗಳದ್ದು ಅಂತ ತೋರಿಸಿದ್ದರು. ಆರ್ಗಾನ್‌ಗೂ ಹೀಲಿಯಂಗೂ ಉತ್ತರ 1.66ರ ಆಸುಪಾಸು ಬಂತು. ಹೀಲಿಯಂ ಒಂಟಿ, ಪರಮಾಣು ತೂಕ 4. ಒಂದು ಧಾತುವಿನ ಜಾಗವನ್ನು ಕೊಳವೆಯೊಳಗಿನ ಪುಡಿಯ ಗುಪ್ಪೆಗಳು ನಿರ್ಧರಿಸಿದವು ಅನ್ನುವುದು ನಮಗೆ ಇವತ್ತಿಗೂ ಸೋಜಿಗ.

ಅದೇ ಗಾಮಾ ಎಂಜಿನ್‌ನಲ್ಲೂ ಕೆಲಸ ಮಾಡುತ್ತೆ. ಆಟೋ ಚಕ್ರದಲ್ಲಿ ಸಂಕೋಚನ ಅನುಪಾತ 10 ಇಟ್ಟು ದಕ್ಷತೆ ತೆಗೆದರೆ ಗಾಳಿಗೆ ಸುಮಾರು 60 ಶೇಕಡಾ, ಹೀಲಿಯಂಗೆ 78 ದಾಟುತ್ತೆ. ಆದರ್ಶ ಲೆಕ್ಕ, ಗೊತ್ತು. ಒಳಗೆ ಪೆಟ್ರೋಲ್ ಉರಿಸಲು ಆಕ್ಸಿಜನ್ ಬೇಕಲ್ಲ ಅಂತಲೂ ಗೊತ್ತು. ಪರಮಾಣು ರಿಯಾಕ್ಟರ್‌ಗಳಿಗೆ ಹೀಲಿಯಂ ಸುತ್ತುವ ಮುಚ್ಚಿದ ಗ್ಯಾಸ್ ಟರ್ಬೈನ್ ಬಗ್ಗೆ ಓದುವವರು ಇದನ್ನು ಮುಂದೆ ನೋಡಿಕೊಳ್ಳಬಹುದು.

ಈಗ ಒಂದು ಗಂಭೀರ ವಿಷಯ, ಫೆಸ್ಟ್ ಕಮಿಟಿಯವರು ದಯವಿಟ್ಟು ಓದಿ. ಹಿರಿಯೂರಿನ ತೇರು ಮಲ್ಲೇಶ್ವರ ಜಾತ್ರೆಯಿಂದ ಹಿಡಿದು ಬೆಂಗಳೂರಿನ ಮಾಲ್‌ವರೆಗೆ, ಕಾಲೇಜು ಸ್ಟೇಜ್‌ನಿಂದ ಹುಟ್ಟುಹಬ್ಬದವರೆಗೆ ಗ್ಯಾಸ್ ಬಲೂನ್ ಎಂದರೆ ಎಲ್ಲರಿಗೂ ಒಂದೇ ಅರ್ಥ: ಮೇಲಕ್ಕೆ ಹೋಗುವ ಬಲೂನ್. ಒಳಗೆ ಯಾವ ಗ್ಯಾಸ್ ಅಂತ ಯಾರೂ ಕೇಳಲ್ಲ. ಮೇಲೇರುವ ವಿಚಾರದಲ್ಲಿ ಹೈಡ್ರೋಜನ್‌ಗೂ ಹೀಲಿಯಂಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಲೀಟರ್ ಗಾಳಿ ಸುಮಾರು 1.20 ಗ್ರಾಂ, ಹೈಡ್ರೋಜನ್ 0.08, ಹೀಲಿಯಂ 0.17. ಎತ್ತುವ ಬಲ ಲೀಟರಿಗೆ 1.12 ಮತ್ತು 1.03 ಗ್ರಾಂ. ಹೀಲಿಯಂ ಎರಡು ಪಟ್ಟು ಭಾರ ಆದರೂ ಎತ್ತುವುದರಲ್ಲಿ ಶೇಕಡಾ ಏಳೆಂಟು ಮಾತ್ರ ಹಿಂದೆ. ಒಂಟಿ ಆಗಿರುವುದರ ಪ್ರಯೋಜನ ಇದು. ಜೋಡಿ ಆಗಿದ್ದರೆ ತೂಕ ಇನ್ನೂ ಇಮ್ಮಡಿ ಆಗಿ ಎತ್ತುವ ಬಲ 0.87ಕ್ಕೆ ಇಳಿಯುತ್ತಿತ್ತು.

ಬೆಂಕಿ ವಿಚಾರದಲ್ಲಿ ಮಾತ್ರ ನೆಲ ಮುಗಿಲಿನ ಅಂತರ. ಹೈಡ್ರೋಜನ್‌ಗೆ ಕೊಡುಕೊಳ್ಳಲು ಒಂದು ಬಂಧ ಇದೆ. ಅದನ್ನು ಬಿಟ್ಟು ಆಕ್ಸಿಜನ್ ಜೊತೆ ಇನ್ನೂ ಗಟ್ಟಿ ಬಂಧ ಮಾಡಿಕೊಂಡು ನೀರಾಗುತ್ತೆ, ವ್ಯತ್ಯಾಸದ ಶಕ್ತಿ ಬೆಂಕಿಯಾಗಿ ಹೊರಬರುತ್ತೆ. ಹತ್ತು ಲೀಟರಿನ ಒಂದು ಬಲೂನ್‌ನಲ್ಲಿ ಸುಮಾರು 100 ಕಿಲೋಜೂಲ್. ಇಪ್ಪತ್ತೈದು ಬಲೂನಿನ ಗೊಂಚಲು ಕಟ್ಟಿ ಸ್ಟೇಜ್ ಮೇಲೆ ನಿಂತರೆ ಎಷ್ಟು ಅಂತ ನೀವೇ ಗುಣಿಸಿ. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡಾ ಇದ್ದರೂ ಹತ್ತಿಕೊಳ್ಳುತ್ತೆ, ಹತ್ತಿಕೊಳ್ಳಲು 0.02 ಮಿಲಿಜೂಲ್ ಕಿಡಿ ಸಾಕು. ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಬಿಚ್ಚುವಾಗ ಚಟಪಟ ಅನ್ನುತ್ತಲ್ಲ, ಆ ಕಿಡಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇರಬಲ್ಲದು. ಹೀಲಿಯಂಗೆ ಆಕ್ಸಿಜನ್‌ಗೆ ಕೊಡಲು ಏನೂ ಇಲ್ಲ. ಮೇಲಿನ ಲೆಕ್ಕದಲ್ಲಿ ನೋಡಿದೆವಲ್ಲ, ಮೂರು ಬಾಗಿಲೂ ಮುಚ್ಚಿವೆ. ಅದು ಉರಿಯುವುದಿಲ್ಲ.

ಸಮಸ್ಯೆ ಎಂದರೆ ಹೀಲಿಯಂ ದುಬಾರಿ, ನಮ್ಮ ದೇಶಕ್ಕೆ ಬಹುಪಾಲು ಹೊರಗಿನಿಂದ ಬರುತ್ತೆ. ಹೈಡ್ರೋಜನ್ ಅಗ್ಗ. ಕಾಸ್ಟಿಕ್ ಸೋಡಾ ನೀರಿಗೆ ಅಲ್ಯೂಮಿನಿಯಂ ಚೂರು ಹಾಕಿದರೆ ಹೈಡ್ರೋಜನ್ ಬುಸುಬುಸು ಬರುತ್ತೆ, ಜೊತೆಗೆ ಜೋರು ಶಾಖವೂ. ಹಳೆಯ ಸಿಲಿಂಡರ್‌ನೊಳಗೇ ಈ ಅಡುಗೆ ಮಾಡಿ ಬಲೂನ್ ತುಂಬುವವರಿದ್ದಾರೆ. ಕಾಸ್ಟಿಕ್ ಲೋಹವನ್ನು ತಿನ್ನುತ್ತೆ, ಒತ್ತಡ ಅಳೆಯುವ ಗೇಜ್ ಇರಲ್ಲ, ಸುತ್ತ ಮಕ್ಕಳು. ಮಾರುವವರನ್ನು ಬೈಯುವುದು ಸುಲಭ. ಅದು ಅವರ ಹೊಟ್ಟೆಪಾಡು, ಮೊದಲು ಗಾಯ ಆಗುವುದೂ ಅವರಿಗೇ. ನಮ್ಮ ಕೈಯಲ್ಲಿರುವುದು ಎಂದರೆ ಕಾಲೇಜಿನ ಕಾರ್ಯಕ್ರಮಕ್ಕೆ ಬಲೂನ್ ತರಿಸುವಾಗ ಯಾವ ಗ್ಯಾಸ್, ಬಿಲ್ ಎಲ್ಲಿ ಅಂತ ಕೇಳುವುದು. ಇನ್ನೊಂದು ಗುರುತು ಇದೆ: ಕಾರ್ಖಾನೆಯಿಂದ ಬಂದ ಸಿಲಿಂಡರ್‌ಗಳಲ್ಲಿ ಉರಿಯುವ ಅನಿಲದ ವಾಲ್ವ್‌ಗೆ ಎಡ ತಿರುವಿನ ಥ್ರೆಡ್, ಉರಿಯದವಕ್ಕೆ ಬಲ ತಿರುವು. ಮೇಲಿನ ಬಣ್ಣ ಯಾರು ಬೇಕಾದರೂ ಬಳಿಯಬಹುದು, ಥ್ರೆಡ್ ಬದಲಿಸುವುದು ಅಷ್ಟು ಸಲೀಸಲ್ಲ. ಗೇಜ್ ಇಲ್ಲದ, ತುಕ್ಕು ಹಿಡಿದ, ಮುಟ್ಟಿದರೆ ಬಿಸಿ ಇರುವ ಸಿಲಿಂಡರ್ ಕಂಡರೆ ವಾದ ಮಾಡಬೇಡಿ, ದೂರ ಹೋಗಿ, ಬೇರೆಯವರನ್ನೂ ಕರೆದುಕೊಂಡು ಹೋಗಿ.

ಬಲೂನಿನ ಗ್ಯಾಸ್ ಎಳೆದು ಕೀರಲು ದನಿಯಲ್ಲಿ ಮಾತಾಡಿ "ನೋಡಿ, ಹೀಲಿಯಂ!" ಅನ್ನುವ ಪರೀಕ್ಷೆಯಂತೂ ಪರೀಕ್ಷೆಯೇ ಅಲ್ಲ. ಹೈಡ್ರೋಜನ್‌ನಲ್ಲಿ ಶಬ್ದದ ವೇಗ ಇನ್ನೂ ಹೆಚ್ಚು, ಸೆಕೆಂಡಿಗೆ ಸುಮಾರು 1300 ಮೀಟರ್. ಅದೂ ದನಿ ಕೀರಲು ಮಾಡುತ್ತೆ. ಶುದ್ಧ ಹೀಲಿಯಂ ಆದರೂ ಶ್ವಾಸಕೋಶದಲ್ಲಿ ಆಕ್ಸಿಜನ್ ಜಾಗ ಕೂರುತ್ತೆ. ಎರಡು ಉಸಿರಿಗೆ ತಲೆ ತಿರುಗಿ ಬೀಳಬಹುದು, ಸಿಲಿಂಡರ್‌ಗೆ ನೇರ ಬಾಯಿ ಇಟ್ಟರೆ ಪ್ರಾಣಕ್ಕೇ ಕುತ್ತು. ವಿಷ ಅಲ್ಲದ ಮಾತ್ರಕ್ಕೆ ಉಸಿರಾಡಲು ತಕ್ಕದ್ದು ಅಂತ ಅರ್ಥ ಅಲ್ಲ.

ಮತ್ತೆ ನಮ್ಮ ಒಂಟಿ ಪರಮಾಣುವಿಗೆ ಬರೋಣ. ಇಷ್ಟು ಹೊತ್ತು ಹೀಲಿಯಂ ಜೋಡಿ ಆಗಲ್ಲ ಅಂದೆವು. ಪೂರ್ತಿ ನಿಜ ಹೇಳಬೇಕಾದರೆ ಒಂದು ತಿದ್ದುಪಡಿ ಬೇಕು. ಎಲೆಕ್ಟ್ರಾನ್ ಮೋಡ ಕ್ಷಣ ಕ್ಷಣಕ್ಕೂ ಅತ್ತ ಇತ್ತ ವಾಲುತ್ತಿರುತ್ತೆ, ಒಂದರ ವಾಲಿಕೆ ಪಕ್ಕದ್ದನ್ನೂ ವಾಲಿಸುತ್ತೆ, ಅದರಿಂದ ಬಲು ಸಣ್ಣ ಸೆಳೆತ. ವ್ಯಾನ್ ಡರ್ ವಾಲ್ಸ್ ಅಂತ ಓದಿದ್ದೇವಲ್ಲ, ಅದೇ. ಹೀಲಿಯಂನಲ್ಲಿ ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ವಾಲಿಕೆ ತೀರಾ ಕಡಿಮೆ. ಅದಕ್ಕೇ ಹೀಲಿಯಂ ದ್ರವ ಆಗಬೇಕಾದರೆ 4.2 ಕೆಲ್ವಿನ್‌ಗೆ ಇಳಿಸಬೇಕು. ಸಾಮಾನ್ಯ ಒತ್ತಡದಲ್ಲಿ ಎಷ್ಟೇ ತಂಪು ಮಾಡಿ, ಗಟ್ಟಿ ಆಗುವುದೇ ಇಲ್ಲ. ವಾಯುಮಂಡಲದ ಸುಮಾರು 25 ಪಟ್ಟು ಒತ್ತಡ ಬೇಕು. ಆ ಸಣ್ಣ ಸೆಳೆತದಿಂದ ಎರಡು ಹೀಲಿಯಂ ಪರಮಾಣು ಜೋಡಿಯಾಗಿ ನಿಲ್ಲಬಹುದೇ ಎಂಬ ಪ್ರಶ್ನೆ ಬಹಳ ವರ್ಷ ಇತ್ತು. 1993ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ, 1994ರಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಅತಿ ಶೀತದ ಹೀಲಿಯಂ ಧಾರೆಯಲ್ಲಿ ಅದನ್ನು ಕಂಡರು. ಎರಡು ಪರಮಾಣುಗಳ ಸರಾಸರಿ ದೂರ ಸುಮಾರು 5 ನ್ಯಾನೋಮೀಟರ್, ಹೈಡ್ರೋಜನ್ ಅಣುವಿನಲ್ಲಿರುವುದರ ಸುಮಾರು ಎಪ್ಪತ್ತು ಪಟ್ಟು. ಹಿಡಿತ ಹೈಡ್ರೋಜನ್ ಬಂಧದ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕೆಲ್ವಿನ್‌ನ ಸಾವಿರದಲ್ಲೊಂದು ಭಾಗದಷ್ಟು ಬೆಚ್ಚಗಾದರೆ ಬಿಟ್ಟುಹೋಗುವ ಇದನ್ನು ಅಣು ಅನ್ನಬೇಕೋ ಬೇಡವೋ, ಸಂಘದಲ್ಲಿ ಇನ್ನೂ ಒಮ್ಮತ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಬೇಡ ಅನ್ನುವ ಪಕ್ಷ.

ಬೇರೆ ಧಾತುವಿನ ಜೊತೆ? ಹೀಲಿಯಂಗೆ ಒಂದು ಬರಿ ಪ್ರೋಟಾನ್ ಅಂಟಿಸಿದರೆ ಎರಡೇ ಎಲೆಕ್ಟ್ರಾನ್, ಎರಡೂ ಕೆಳಗಿನ ಸೀಟಿನಲ್ಲಿ, ಆದ್ದರಿಂದ ಅದು ನಿಲ್ಲುತ್ತೆ. ಪ್ರಯೋಗಾಲಯದಲ್ಲಿ 1925ರಲ್ಲೇ ಸಿಕ್ಕಿದ್ದ ಈ ಅಯಾನು ಆಕಾಶದಲ್ಲಿ ಪತ್ತೆಯಾದದ್ದು 2019ರಲ್ಲಿ. ಭೂಮಿಯ ವಾತಾವರಣದ ಹತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ ಸೋಡಿಯಂ ಜೊತೆ ಸೇರಿದ ಒಂದು ಹರಳಿನ ಬಗ್ಗೆ 2017ರಲ್ಲಿ ವರದಿ ಬಂತು. ಅಲ್ಲೂ ಹೀಲಿಯಂ ಎಲೆಕ್ಟ್ರಾನ್ ಹಂಚಿಕೊಂಡಿಲ್ಲ, ನಡುವೆ ಸುಮ್ಮನೆ ಕೂತಿದೆ.

ಕೊನೆಗೆ, ಭೂಮಿಯ ಹೀಲಿಯಂ ಎಲ್ಲಿಂದ ಬಂತು ಅಂತ ಕೇಳಿದರೆ ಕಾಲ ಕೆಳಗೆ ನೋಡಬೇಕು. ಚಿತ್ರದುರ್ಗದ ಕೋಟೆ ಕೂತಿರುವ ಗ್ರಾನೈಟ್ ಸುಮಾರು 260 ಕೋಟಿ ವರ್ಷ ಹಳೆಯದು. ಎಲ್ಲ ಗ್ರಾನೈಟ್‌ನಂತೆ ಅದರಲ್ಲೂ ಯುರೇನಿಯಂ, ಥೋರಿಯಂ ಕೊಂಚ ಕೊಂಚ ಇರುತ್ತೆ. ಒಂದು ಯುರೇನಿಯಂ 238 ಪರಮಾಣು ಸೀಸ ಆಗುವಷ್ಟರಲ್ಲಿ ಎಂಟು ಆಲ್ಫಾ ಕಣ ಉಗುಳುತ್ತೆ, ಥೋರಿಯಂ 232 ಆರು. ಆಲ್ಫಾ ಕಣ ಎಂದರೆ ಎಲೆಕ್ಟ್ರಾನ್ ಇಲ್ಲದ ಹೀಲಿಯಂ ನ್ಯೂಕ್ಲಿಯಸ್. ಕಲ್ಲಿನೊಳಗೆ ಒಂದಿಷ್ಟು ದೂರ ತೂರಿ ನಿಂತು, ಸುತ್ತಲಿಂದ ಎರಡು ಎಲೆಕ್ಟ್ರಾನ್ ಎಳೆದುಕೊಂಡರೆ ಹೀಲಿಯಂ ಪರಮಾಣು ತಯಾರು. ರಾಮ್ಸೆ ಅವರ ಕ್ಲೀವೈಟ್‌ನಲ್ಲಿ ಸೇರಿಕೊಂಡಿದ್ದದ್ದೂ ಹೀಗೆ ಹುಟ್ಟಿದ್ದೇ. ಬೇರೆ ಧಾತುವಾಗಿದ್ದರೆ ಸುತ್ತಲಿನ ಆಕ್ಸಿಜನ್, ಸಿಲಿಕಾನ್ ಜೊತೆ ಬಂಧ ಮಾಡಿಕೊಂಡು ಅಲ್ಲೇ ಉಳಿಯುತ್ತಿತ್ತು. ಇದು ಯಾರ ಕೈಯೂ ಹಿಡಿಯದೆ ಹರಳಿನ ಸಂದಿಯಿಂದ ಬಿರುಕಿಗೆ, ಬಿರುಕಿನಿಂದ ಆಳದ ಅಂತರ್ಜಲಕ್ಕೆ ಜಾರುತ್ತೆ. ಭೂಗರ್ಭ ವಿಜ್ಞಾನಿಗಳು ಆಳದ ನೀರಿನಲ್ಲಿ ಕೂಡಿಕೊಂಡ ಹೀಲಿಯಂ ಅಳೆದು ಆ ನೀರು ಎಷ್ಟು ಕಾಲದಿಂದ ನೆಲದೊಳಗಿದೆ ಎಂದು ಅಂದಾಜು ಮಾಡುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಸಿಗುವ ನೀರು ಹಳೆಯದು ಅಂತ ಹೇಳುವಾಗ ಹಿಂದಿರುವ ಸಾಕ್ಷಿಗಳಲ್ಲಿ ಇಂಥದ್ದೂ ಒಂದು.

ಅಲ್ಲಿಂದ ಹೊರಬಿದ್ದ ಹೀಲಿಯಂ ಗಾಳಿಗೆ ಸೇರುತ್ತೆ. ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಹೀಲಿಯಂ ಸುಮಾರು ಐದು, ಅಷ್ಟೇ. ಕೋಟ್ಯಂತರ ವರ್ಷದಿಂದ ಕಲ್ಲುಗಳು ಉಗುಳುತ್ತಲೇ ಇದ್ದರೂ ಲೆಕ್ಕ ಐದರಲ್ಲೇ ನಿಂತಿರುವುದಕ್ಕೆ ಕಾರಣ, ಹಗುರವಾದ ಈ ಒಂಟಿ ಪರಮಾಣುಗಳು ವಾತಾವರಣದ ತುತ್ತತುದಿ ತಲುಪಿ ಅಲ್ಲಿಂದ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ.